ಖಾಲಿ ದೋಸೆಯಲ್ಲಿ ಏನಿದೆ

೨೧ ಡಿಸೆಂಬರ್ ೨೦೨೫, ಭಾನುವಾರ
ಮಣಿನಗರ, ಅಹಮದಾಬಾದ್

ದೀಪಾವಳಿ ಕಳೆದು ಸೂರತ್‌ಗೆ ಹೊರಟ ದಿನ ದಿವ್ಯಾ ಈ ಪುಸ್ತಕವನ್ನು ಕೈಗಿಟ್ಟು, "ನಿನ್ನ ಜೋಕುಗಳನ್ನು ಇನ್ನು ಇದಕ್ಕೆ ಹೇಳು. ಪಾಪ, ಇದಕ್ಕೆ ಎದ್ದು ಹೋಗ್ಲಿಕ್ಕೆ ಬರುವುದಿಲ್ಲ" ಅಂದಿದ್ದಳು. ಅಲ್ಲಿಯ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹೆಂಡತಿ ಬಣ್ಣದ ಊರಲ್ಲಿ, ಗಂಡ ಇಲ್ಲಿ ಬಣ್ಣಗೆಟ್ಟು. ಇಷ್ಟು ದಿನ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಬರೆಯಲೇಬೇಕಾದ ಸುದ್ದಿ ಇದೆ: ನಮ್ಮ ಹೋಟೆಲಿನಿಂದ ಮಸಾಲೆ ದೋಸೆ ನಾಪತ್ತೆಯಾಗಿದೆ.

ದೋಸೆ ಕಾವಲಿಯ ಮೇಲೆ ಇದೆ. ಪ್ಲೇಟಿನಲ್ಲೂ ಇದೆ. ನಾನು ಮಾಡಿದ ಮೆನುವಿನಲ್ಲಿ ಮಾತ್ರ ಇಲ್ಲ.

ನಮ್ಮವು ಮೂರು ಹೋಟೆಲು: ಇಲ್ಲಿ ಮಣಿನಗರದ್ದು, ವಡೋದರಾದ್ದು, ಸೂರತ್‌ನದ್ದು. ಮೂರಕ್ಕೂ ಸೇರಿಸಿ ಫೋನಿನಲ್ಲಿ ನೋಡುವಂಥ ಒಂದೇ ಮೆನು ಮಾಡುತ್ತೇನೆಂದು ಅಪ್ಪಯ್ಯನಿಗೆ ಮಾತು ಕೊಟ್ಟಿದ್ದೆ. ವಡೋದರಾದಲ್ಲಿ ಕಂಪ್ಯೂಟರ್ ಓದಿದ್ದಕ್ಕೆ ಏನಾದರೂ ಪುರಾವೆ ಬೇಕಲ್ಲ. ಒಂದೊಂದು ತಿಂಡಿಗೂ ಒಂದು ಎಕ್ಸ್‌ಎಂಎಲ್ ಫೈಲು. ಅಡುಗೆಮನೆಯ ಡಬ್ಬಿಗಳ ಹಾಗೆ ಅದರೊಳಗೆ ಟ್ಯಾಗುಗಳು: ಹೆಸರಿಗೊಂದು, ಅಕ್ಕಿಗೊಂದು, ಈರುಳ್ಳಿಗೊಂದು, ಶೇಂಗಾಕ್ಕೊಂದು. ಗಿರಾಕಿ ಫೋನಿನಲ್ಲಿ "ಶೇಂಗಾ ಇಲ್ಲದ್ದು" ಎಂಬುದನ್ನು ಒತ್ತಿದರೆ ನನ್ನ ಕ್ವೆರಿ, ಅಂದರೆ ನಾನು ಬರೆದಿಟ್ಟ ಪ್ರಶ್ನೆ, ಹೋಗಿ ಎಲ್ಲ ಫೈಲುಗಳ ಮುಚ್ಚಳ ತೆಗೆದು ನೋಡಿ, ಉತ್ತರ ಹೊತ್ತು ತರುತ್ತದೆ. ಸಪ್ಲೈಯರ್‌ನ ಕೆಲಸವೇ, ಟಿಪ್ಸ್ ಇಲ್ಲ ಅಷ್ಟೆ.

"ಶೇಂಗಾ ಇದ್ದದ್ದು" ಒತ್ತಿದರೆ ಮಸಾಲೆ ದೋಸೆ ಬರಲಿಲ್ಲ. ಸರಿ. "ಶೇಂಗಾ ಇಲ್ಲದ್ದು" ಒತ್ತಿದರೂ ಬರಲಿಲ್ಲ. ಹಾಗಾದರೆ ಅದು ಹೋಯಿತೆಲ್ಲಿ?

ಅಪ್ಪಯ್ಯ ಗಲ್ಲಾದಿಂದಲೇ ಕೇಳಿದರು. "ಮಸಾಲೆ ದೋಸೆ ಇಲ್ಲದ ಉಡುಪಿ ಹೋಟೆಲಾ? ಬೋರ್ಡ್ ಕೆಳಗಿಳಿಸುವಾ?"

ಅಪ್ಪಯ್ಯನ ಹೆಸರು ಲಕ್ಷ್ಮೀನಾರಾಯಣ. ಲಕ್ಷ್ಮಿ ಗಲ್ಲಾಪೆಟ್ಟಿಗೆಯೊಳಗೆ, ನಾರಾಯಣ ಕುರ್ಚಿಯ ಮೇಲೆ.

೨೩ ಡಿಸೆಂಬರ್, ಮಂಗಳವಾರ

ದೋಸೆ ಸಿಕ್ಕಿತು! ಕ್ವೆರಿಯ ಕಿರಿಕಿರಿ ಮುಗಿಯಿತು.

ತಪ್ಪು ಇಷ್ಟೆ. ಮಸಾಲೆ ದೋಸೆಯ ಫೈಲಿನಲ್ಲಿ ಶೇಂಗಾ ಎಂಬ ಟ್ಯಾಗೇ ಇಲ್ಲ. ಅಮ್ಮ ಪಾಕವಿಧಾನ ಹೇಳುವಾಗ ಶೇಂಗಾದ ಮಾತೇ ಎತ್ತಿರಲಿಲ್ಲ, ನಾನು ಬರೆದಿರಲಿಲ್ಲ. ನನ್ನ ಕ್ವೆರಿಯೋ, "ಶೇಂಗಾ ಡಬ್ಬಿಯಲ್ಲಿ 'ಹೌದು' ಅಲ್ಲದೆ ಬೇರೇನಾದರೂ ಬರೆದಿರುವ ತಿಂಡಿ ತಾ" ಎಂದು ಕೇಳುತ್ತಿತ್ತು. ಡಬ್ಬಿಯೇ ಇಲ್ಲದವನ ಹತ್ತಿರ ಡಬ್ಬಿಯೊಳಗೆ ಏನಿದೆ ಎಂದು ಕೇಳಿದರೆ ಅವನು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ. ಎರಡೂ ಸಾಲಿನಿಂದ ಸುಮ್ಮನೆ ಹೊರಗೆ ನಡೆಯುತ್ತಾನೆ. ಈಗ ಪ್ರಶ್ನೆಯನ್ನು ತಿರುಗಿಸಿದೆ: "ಶೇಂಗಾ 'ಹೌದು' ಎಂದು ಬರೆದದ್ದನ್ನು ಬಿಟ್ಟು ಉಳಿದದ್ದೆಲ್ಲ ತಾ." ಹೀಗೇ ಕಾಣೆಯಾಗಿದ್ದು ನಾನು ಗಮನಿಸದಿದ್ದವೂ ಸೇರಿ ಉಳಿದದ್ದೆಲ್ಲ ಬಂತು. ದೋಸೆ, ಇಡ್ಲಿ, ವಡೆ, ಬಾತು, ಸಾರು, ಇಡೀ ದಿಬ್ಬಣ.

ಮಧ್ಯಾಹ್ನವೇ ಫಲ. ವಡೋದರಾದ ಹೇತಲ್‌ಬೆನ್ ಎಂಬವರ ಫೋನು. ಅವರ ಮಗಳು ಧ್ವನಿಗೆ ಶೇಂಗಾ ಆಗುವುದಿಲ್ಲ. ಒಂದು ಕಾಳಿನ ಚೂರು ಹೊಟ್ಟೆಗೆ ಹೋದರೂ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುತ್ತದೆ. ಶೇಂಗಾ ಆಗದ ಹುಡುಗಿ ಗುಜರಾತಿನಲ್ಲಿ ಹುಟ್ಟುವುದೆಂದರೆ, ನೀರು ಆಗದ ಮೀನು ಅರಬ್ಬೀ ಸಮುದ್ರದಲ್ಲಿ ಹುಟ್ಟಿದ ಹಾಗೆ. ಹುಡುಗಿ ಬುದ್ಧಿ ತಿಳಿದ ಮೇಲೆ ಹೋಟೆಲಿನಲ್ಲಿ ಏನನ್ನೂ ತಿಂದಿಲ್ಲವಂತೆ. ಜನವರಿ ಹದಿನೆಂಟಕ್ಕೆ ಹುಟ್ಟುಹಬ್ಬ. ಗೆಳತಿಯರ ಜೊತೆ ಕೂತು ಮಸಾಲೆ ದೋಸೆ ತಿನ್ನಬೇಕೆಂದು ಹಟ. "ನಿಮ್ಮ ಮೆನು ನೋಡಿದೆ. ಮಸಾಲೆ ದೋಸೆಯಲ್ಲಿ ಸಿಂಗ್ ನಥೀ ಅಂತ ತೋರಿಸ್ತಿದೆ. ಹೌದಲ್ವಾ?"

ಇಲ್ಲಿ ಶೇಂಗಾಕ್ಕೆ ಸಿಂಗ್, ಇಲ್ಲ ಎನ್ನುವುದಕ್ಕೆ ನಥೀ. ನಾನು ಅಪ್ಪಯ್ಯನ ಮುಖ ನೋಡಿದೆ. ಅಪ್ಪಯ್ಯ ಫೋನು ಕಸಿದುಕೊಂಡು, "ನಥೀ ಬೆನ್, ಬಿಲ್ಕುಲ್ ನಥೀ" ಎಂದು ವಡೋದರಾದ ಹೋಟೆಲಿನಲ್ಲಿ ಟೇಬಲ್ ಬುಕ್ ಮಾಡಿಯೇಬಿಟ್ಟರು.

ದಿವ್ಯಾಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಊಟ ಆಯ್ತಾ ಅಂದೆ, ಆಯ್ತು ಅಂದಳು. ಬೇರೇನೂ ಹೇಳಲಿಲ್ಲ. ಅಲ್ಲಿ ಎಲ್ಲ ಸರಿಯಿದೆ.

೨೬ ಡಿಸೆಂಬರ್, ಶುಕ್ರವಾರ

ಮೇದಿನಿ ಎಂಬವರು ಬಂದಿದ್ದರು. ಹೆಸರು ಮೇದಿನಿ, ಸ್ವಭಾವ ಮೇ ದಿನ, ಸುಡುಬಿಸಿಲು.

ಧಾರವಾಡದವರು, ಐವತ್ತು ದಾಟಿದೆ. ಇಲ್ಲಿಯ ಒಂದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹಗಳಿಂದ ಬರುವ ಮಾಹಿತಿ ಕಾಯುವ ಕೆಲಸದಲ್ಲಿದ್ದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವರು. ಶುಕ್ರವಾರದ ಇಡ್ಲಿಗೆ ತಪ್ಪದೆ ಬರುತ್ತಾರೆ. ಮಗನ ಪ್ರತಾಪ ತೋರಿಸುವ ಉಮೇದಿನಲ್ಲಿ ಅಪ್ಪಯ್ಯನೇ ಅವರ ಟೇಬಲಿಗೆ ನನ್ನ ಲ್ಯಾಪ್‌ಟಾಪು ಕಳಿಸಿದರು. ಗಂಡನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆದ್ದರಿಂದ ಗಂಡನಿಲ್ಲ. ಆದ್ದರಿಂದಲೇ ಇಷ್ಟು ಖಾರ.

ಇಡ್ಲಿಯನ್ನು ಒಂದು ಕೈಯಲ್ಲಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೆನು ಮೇಲೆ ಕೆಳಗೆ ಸರಿಸಿದರು. ಆಮೇಲೆ ಕ್ವೆರಿಯಲ್ಲಿ ಶೇಂಗಾ ಇದ್ದ ಜಾಗದಲ್ಲಿ ಉಪ್ಪು ಎಂದು ತಿದ್ದಿ ಒತ್ತಿದರು.

"ಏನ್ ತಮ್ಮಾ," ಅಂದರು, "ನಿಮ್ಮ ಹೊಟೇಲ್‌ನ್ಯಾಗ ಯಾವುದಕ್ಕೂ ಉಪ್ಪು ಹಾಕಂಗಿಲ್ಲೇನು?"

ನೋಡಿದೆ. ಇಡೀ ಮೆನು ಉಪ್ಪಿಲ್ಲದ ಪಟ್ಟಿಯಲ್ಲಿ ಸಾಲಾಗಿ ನಿಂತಿತ್ತು. ಉಪ್ಪಿನಕಾಯಿ ಕೂಡ.

"ಉಪ್ಪು ಯಾರಾದ್ರೂ ಬರೀತಾರಾ ಮೇಡಂ? ಎಲ್ಲರಿಗೂ ಗೊತ್ತಿರ್ತದಲ್ಲ."

"ಎಲ್ಲಾರಿಗೂ ಅಂದ್ರ ಯಾರಿಗೆ? ನಿಮ್ಮವ್ವಾರಿಗೆ ಗೊತ್ತೈತಿ. ನಿಮ್ಮ ಫೈಲಿಗೆ ಗೊತ್ತೈತೇನು?"

ಆಮೇಲೆ ಹೊಸ ಫೈಲೊಂದನ್ನು ತೆರೆದು, ಅದಕ್ಕೆ "ಖಾಲಿ ದೋಸೆ" ಎಂದು ಹೆಸರು ಕೊಟ್ಟು, ಒಳಗೆ ಏನನ್ನೂ ಬರೆಯದೆ ಮೆನುವಿಗೆ ಸೇರಿಸಿದರು. ಹೆಸರಿನ ಹೊರತು ಒಂದೂ ಟ್ಯಾಗಿಲ್ಲದ, ಪರಮ ತ್ಯಾಗಿ ದೋಸೆ. ಬಳಿಕ ನನ್ನ ಪ್ರಶ್ನೆಗಳನ್ನೇ ಒಂದೊಂದಾಗಿ ಒತ್ತಿದರು. ಶೇಂಗಾ ಇಲ್ಲ, ಈರುಳ್ಳಿ ಇಲ್ಲ, ಹಾಲಿಲ್ಲ, ಗೋಧಿ ಇಲ್ಲ. ಜೈನರು ತಿನ್ನಬಹುದು, ಹೃದ್ರೋಗಿಗಳು ತಿನ್ನಬಹುದು, ಎಲ್ಲರೂ ತಿನ್ನಬಹುದು ಎಂದು ನನ್ನ ಮೆನು ಆ ಖಾಲಿ ದೋಸೆಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿತು.

"ಏನೂ ಗೊತ್ತಿಲ್ಲದ ದೋಸಿ ಎಲ್ಲಾದಕ್ಕಿಂತ ಛಲೋ ದೋಸಿ ಆಗೈತಿ ನೋಡ್ರಿ," ಎಂದು ಕೈ ತೊಳೆಯಲು ಎದ್ದರು.

ಅಪ್ಪಯ್ಯ ಏನೂ ಅರ್ಥವಾಗದೆ ನಕ್ಕರು. ನಾನೂ ನಕ್ಕೆ. ಹದಿನೆಂಟಕ್ಕೆ ಬರುವ ಹುಡುಗಿಯ ವಿಷಯ ಅಪ್ಪಯ್ಯ ಹೇಳಿದಾಗ ಮೇದಿನಿಯವರು ಮಾತ್ರ ನಗಲಿಲ್ಲ.

೨೭ ಡಿಸೆಂಬರ್, ಶನಿವಾರ

ಉಪ್ಪಂತೆ. ಒಪ್ಪುವುದಿಲ್ಲ.

೩೦ ಡಿಸೆಂಬರ್, ಮಂಗಳವಾರ

ಮೇದಿನಿಯವರು ಶುಕ್ರವಾರವಲ್ಲದ ದಿನ ಬಂದರು. ಇಡ್ಲಿ ಕೇಳಲಿಲ್ಲ, ಲ್ಯಾಪ್‌ಟಾಪ್ ಕೇಳಿದರು.

ಕೆಲಸ ಮಾಡುವಾಗ ಅವರನ್ನು ನೋಡಬೇಕು. ಅವಸರವಿಲ್ಲ. ಒಂದೊಂದು ಫೈಲನ್ನೂ ಮಗ್ಗಿ ಒಪ್ಪಿಸುವ ಹಾಗೆ ಮೆಲ್ಲಗೆ ಬಾಯಿಬಿಟ್ಟು ಓದುತ್ತಾರೆ. ಇರುವುದನ್ನು ಓದಿ ಮುಗಿಸಿ ಒಂದು ಕ್ಷಣ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಇಲ್ಲದ್ದನ್ನು ಓದುತ್ತಾರೆ. ನಾನು ಇಷ್ಟು ವರ್ಷ ಫೈಲು ನೋಡಿದ್ದೇನೆ, ಆ ಎರಡನೆಯ ಓದು ಒಂದಿದೆ ಎಂದು ನನಗೆ ಹೊಳೆದಿರಲಿಲ್ಲ. ಸಂಗೀತ ಕೇಳುವವರಲ್ಲಿ ಕೆಲವರು ಹೀಗೆ ಬಿಟ್ಟ ಸ್ವರಕ್ಕೆ ತಲೆದೂಗುವುದನ್ನು ಕಂಡಿದ್ದೇನೆ.

"ಮೂರು ನಮೂನಿ ಐತಿ ತಮ್ಮಾ," ಅಂದರು. "ಶೇಂಗಾ ಟ್ಯಾಗ್ ಐತಿ, ಒಳಗ 'ಇಲ್ಲ' ಅಂತ ಬರದಾರ. ಅಂದ್ರ ಯಾರೋ ಕೇಳ್ಯಾರ, ಯಾರೋ ಹೇಳ್ಯಾರ. ಎರಡನೇದು, ಟ್ಯಾಗ್ ಐತಿ, ಒಳಗ ಖಾಲಿ. ಅಂದ್ರ ಯಾರೋ ಕೇಳ್ಯಾರ, ಯಾರೂ ಹೇಳಿಲ್ಲ. ಮೂರನೇದು, ಟ್ಯಾಗs ಇಲ್ಲ. ಅಂದ್ರ ಯಾರೂ ಕೇಳಾಕs ಹೋಗಿಲ್ಲ. ನೀವು ಮೂರನ್ನೂ ಒಂದs ಗಂಟು ಕಟ್ಟಿ 'ಇಲ್ಲ' ಅಂತೀರಿ."

"ಹಾಗಾದ್ರೆ ಸುಲಭ ಮೇಡಂ. ಎಲ್ಲೆಲ್ಲಿ ಟ್ಯಾಗ್ ಇಲ್ಲವೋ ಅಲ್ಲೆಲ್ಲ 'ಇಲ್ಲ' ಅಂತ ಪ್ರೋಗ್ರಾಂ ತಾನಾಗಿಯೇ ತುಂಬುವ ಹಾಗೆ ಮಾಡ್ತೇನೆ. ಒಂದೇ ಸಾಲಿನ ಕೆಲಸ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಉಪಗ್ರಹ ಒಂದು ದಿನ ಏನೂ ಕಳಸಲಿಲ್ಲ ಅಂದ್ರ, ಆವತ್ತು ಮಳಿ ಇರಲಿಲ್ಲ ಅಂತ ಬರಕೊಳ್ಳೂದೇನು?"

ಆ ಒಂದು ಸಾಲಿನ ಆಸೆ ಬಿಟ್ಟೆ. ನನಗೇ ಟ್ಯಾಗಿಲ್ಲದ ಗಳಿಗೆ.

೨ ಜನವರಿ ೨೦೨೬, ಶುಕ್ರವಾರ

ಹೊಸ ವರ್ಷ. ಮೆನುವಿಗೆ ಹೊಸ ಕ್ವೆರಿ. ನಾನೂ ಮೇದಿನಿಯವರೂ ಕೂತು ಬರೆದೆವು. ನಿಜ ಹೇಳಬೇಕೆಂದರೆ ಅವರು ಬರೆದರು, ನಾನೂ ಕೂತಿದ್ದೆ. ಮೊದಲು ಟ್ಯಾಗ್ ಇದೆಯೇ ಎಂದು ಕೇಳುತ್ತದೆ. ಇದ್ದರೆ ಮಾತ್ರ ಒಳಗೇನಿದೆ ಎಂದು ನೋಡುತ್ತದೆ. ಟ್ಯಾಗೇ ಇಲ್ಲದಿದ್ದರೆ, ಇದ್ದೂ ಒಳಗೆ ಖಾಲಿಯಿದ್ದರೆ, ಆ ತಿಂಡಿಯನ್ನು ಎಸೆಯುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ; ಬೇರೆಯದೇ ಮೂರನೆಯ ಸಾಲಿನಲ್ಲಿ ಕೂರಿಸುತ್ತದೆ. ಆ ಸಾಲಿನ ತಲೆಬರಹ: "ಗೊತ್ತಿಲ್ಲ. ಕೇಳಿ ಹೇಳುತ್ತೇವೆ."

ಮುಗಿದ ಮೇಲೆ ಮತ್ತೆ ಆ ಖಾಲಿ ದೋಸೆಯನ್ನು ಕಳಿಸಿದರು. ಎಲ್ಲ ಪ್ರಶ್ನೆಗೂ ಅದು ಒಂದೇ ಉತ್ತರ ಕೊಟ್ಟಿತು: ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಮೊದಲ ಸಲ ಆ ದೋಸೆಯ ಮೇಲೆ ಗೌರವ ಬಂತು.

ಅಪ್ಪಯ್ಯನಿಗೆ ಬಂದದ್ದು ಸಿಟ್ಟು. ಮೆನುವಿನ ಮುಕ್ಕಾಲು ಪಾಲು ಆ ಮೂರನೆಯ ಸಾಲಿನಲ್ಲಿ ಕೂತಿತ್ತು, ಮಸಾಲೆ ದೋಸೆ ಎಲ್ಲರಿಗಿಂತ ಮುಂದೆ.

"ನಾನು ಈ ಕುರ್ಚಿಯಲ್ಲಿ ಕೂತಲ್ಲಿಂದ ಇವತ್ತಿನವರೆಗೆ ಗಿರಾಕಿಗೆ ಗೊತ್ತಿಲ್ಲ ಅಂತ ಹೇಳಿದವ ಅಲ್ಲ. ನೀನು ಅದನ್ನು ಬೋರ್ಡಿನ ಮೇಲೆ ಬರೆದು ತೂಗಿಹಾಕಿದ್ಯಲ್ಲ ಮಾರಾಯ. ನಮ್ಮ ಅಡುಗೆ ನಮಗೇ ಗೊತ್ತಿಲ್ಲ ಅಂದ್ರೆ ಬರುವವ ಯಾರು?"

"ಗೊತ್ತಿದ್ರ ಹೇಳ್ರಿ ಅಣ್ಣಾರ, ಬರ್ಕೋತೀವಿ," ಅಂದರು ಮೇದಿನಿ. "ಮಸಾಲಿ ದೋಸಿ ಒಳಗ ಸವರೂ ಕೆಂಪು ಚಟ್ನಿಗೆ ಯಾವ ಎಣ್ಣಿ?"

ಅಪ್ಪಯ್ಯ ಅಮ್ಮನನ್ನು ಕರೆದರು. ಅಮ್ಮನ ಹೆಸರು ಸುಮತಿ; ನಮ್ಮ ಮೂರೂ ಹೋಟೆಲುಗಳ ರುಚಿ ಅವಳ ಕೈಯದ್ದು. ಅವಳಿಗೆ ಪ್ರಶ್ನೆಯೇ ತಮಾಷೆಯೆನಿಸಿತು.

"ಎಂತ ಎಣ್ಣೆ ಅಂದ್ರೆ? ಎಣ್ಣೆ ಅಂದ್ರೆ ತೆಂಗಿನೆಣ್ಣೆ ಅಲ್ದೆ ಮತ್ತೆಂತ, ಸೀಮೆಎಣ್ಣೆಯಾ?"

"ನೋಡಿ," ಅಂದರು ಅಪ್ಪಯ್ಯ, ಗೆದ್ದವರ ಹಾಗೆ.

ನಾನು ಬರೆದುಕೊಳ್ಳಲು ಹೋದೆ. ಮೇದಿನಿ ಕೈ ಅಡ್ಡ ಹಿಡಿದರು. "ಆ ಚಟ್ನಿ ಈಗ ಎಲ್ಲಿ ರುಬ್ಬತಾರ?"

ಮೂರೂ ಹೋಟೆಲುಗಳ ಕೆಂಪು ಚಟ್ನಿ ರುಬ್ಬುವುದು ಸೂರತ್‌ನಲ್ಲಿ. ಅಲ್ಲಿ ಜಾಗ ದೊಡ್ಡದು. ಅಮ್ಮ ಅಲ್ಲಿಯ ಅಡುಗೆ ಭಟ್ಟರಿಗೆ ಹೇಳಿಕೊಟ್ಟು ಬಂದು ವರ್ಷಗಳಾದವು. ಫೋನ್ ಮಾಡಿದೆ. ಭಟ್ಟರು, "ಅಮ್ಮ ಹೇಳಿಕೊಟ್ಟ ಹಾಗೇ ಮಾಡ್ತೇವೆ, ಎಂತದೂ ಬದಲಿಲ್ಲ" ಅಂದರು. ಅಪ್ಪಯ್ಯ ಮತ್ತೆ ಗೆದ್ದರು.

೬ ಜನವರಿ, ಮಂಗಳವಾರ

ಮಸಾಲೆ ದೋಸೆ ಇನ್ನೂ ಮೂರನೆಯ ಸಾಲಿನಲ್ಲೇ ಇದೆ. "ಬದಲಿಲ್ಲ ಅನ್ನೂದು ಎಣ್ಣಿ ಹೆಸರಲ್ಲ" ಅಂತಾರೆ ಮೇದಿನಿ. ಯಾರಾದರೂ ಹೋಗಿ ಡಬ್ಬಿ ನೋಡಿ ಬರಬೇಕಂತೆ.

ಅವರ ಬಗ್ಗೆ ಒಂದು ವಿಷಯ ಬರೆದಿಡಬೇಕು. ಅವರಿಗೆ ನಮ್ಮಿಂದ ಸಂಬಳವಿಲ್ಲ, ಇಡ್ಲಿಯ ಬಿಲ್ಲನ್ನೂ ಬಿಡಲು ಬಿಡುವುದಿಲ್ಲ. ಇವತ್ತು, ಇಷ್ಟೆಲ್ಲ ಮಾಡುವ ಕಾರಣ ಕೇಳಿದೆ. "ಆ ಹುಡುಗಿ ನನ್ನ ಮೊಮ್ಮಗಳಲ್ಲ, ಏನಲ್ಲ. ಆದ್ರ ಆಕಿ ನಿಮ್ಮ ಮೆನುವಿಗೆ ಒಂದು ಪ್ರಶ್ನಿ ಕೇಳ್ಯಾಳ. ಪ್ರಶ್ನಿ ಕೇಳಿದವರಿಗೆ ಖರೇ ಉತ್ತರ ಹೋಗಬೇಕು. ನನ್ನ ನೌಕರಿ ತುಂಬಾ ಅದನ್ನs ಮಾಡೀನಿ, ಈಗ ಬಿಡಾಕ ಬರವಲ್ದು" ಅಂದರು. ಹೀಗೆ ಹೇಳುವಾಗ ಅವರ ದನಿಯಲ್ಲಿ ಉಪದೇಶ ಇರುವುದಿಲ್ಲ. ಚಪ್ಪಲಿ ಸರಿಯಾಗಿ ಜೋಡಿಸಿಡುವವರ ದನಿ ಅದು.

ಗಂಡನ ವಿಷಯ ಗೊತ್ತಿಲ್ಲ. ಇರಬಹುದು, ಇಲ್ಲದಿರಬಹುದು. ಮೊದಲು ಬರೆದದ್ದನ್ನು ಹೊಡೆದುಹಾಕಬೇಕು.

೯ ಜನವರಿ, ಶುಕ್ರವಾರ

ದಿವ್ಯಾ ಇರುವ ಕೋಣೆ ನಮ್ಮ ಸೂರತ್ ಹೋಟೆಲಿನಿಂದ ನಡೆಯುವಷ್ಟೇ ದೂರ. ಕೆಲಸ ಮುಗಿಸಿ ಒಮ್ಮೆ ಹೋಗಿ ಡಬ್ಬಿ ನೋಡು ಎಂದು ನಿನ್ನೆ ಕೇಳಿಕೊಂಡಿದ್ದೆ. ಇವತ್ತು ಸಂಜೆ ಅಡುಗೆಮನೆಯಲ್ಲಿ ನಿಂತೇ ಫೋನ್ ಮಾಡಿದಳು.

"ಸಿಂಗ್‌ತೇಲ್," ಅಂದಳು. "ಶೇಂಗಾ ಎಣ್ಣೆ. ಅದೂ ಗಾಣದ್ದು, ಬರೀ ಸೋಸಿದ್ದು, ಶೇಂಗಾದ ಅಂಶ ಹಾಗೇ ಉಳಿದದ್ದು. ಮೂಸಿದ್ರೆ ಹುರಿದ ಶೇಂಗಾದ್ದೇ ಪರಿಮಳ. ಆ ಹುಡುಗಿಗೆ ಒಂದು ಚಮಚ ಸಾಕು."

"ಭಟ್ರು ಬದಲಿಲ್ಲ ಅಂದಿದ್ರಲ್ಲ?"

"ಅವರು ಸುಳ್ಳು ಹೇಳ್ಲಿಲ್ಲ. ಅತ್ತೆ ಕಲಿಸುವಾಗ 'ಎರಡು ಸೌಟು ಎಣ್ಣೆ' ಅಂದ್ರಂತೆ, ಅವರು ಎರಡೇ ಸೌಟು ಹಾಕ್ತಿದ್ದಾರೆ. ಅವರು ಇಲ್ಲೇ ಬೆಳೆದವರು. ಇಲ್ಲಿ ಎಣ್ಣೆ ಅಂದ್ರೆ ಶೇಂಗಾದ್ದೇ. ಯಾವ ಎಣ್ಣೆ ಅಂತ ಅವರು ಕೇಳಲಿಲ್ಲ, ಅತ್ತೆ ಹೇಳಲಿಲ್ಲ."

ಅಮ್ಮನಿಗೆ ತೆಂಗಿನೆಣ್ಣೆ ಬರೆಯಲಾರದಷ್ಟು ಸಹಜ. ಭಟ್ಟರಿಗೆ ಶೇಂಗಾ ಎಣ್ಣೆ ಹೇಳಲಾರದಷ್ಟು ಸಹಜ. ನನ್ನ ಫೈಲು ಇಬ್ಬರ ಮಧ್ಯೆ ಬಾಯಿ ಮುಚ್ಚಿಕೊಂಡು ಕೂತಿತ್ತು, ನಾನು ಆ ಮೌನಕ್ಕೆ "ಇಲ್ಲ" ಎಂಬ ಅರ್ಥ ಕಟ್ಟಿ ಒಬ್ಬಳು ಹುಡುಗಿಯ ತಟ್ಟೆಗೆ ಬಡಿಸಲು ಹೊರಟಿದ್ದೆ. ಇಲ್ಲಿ ಒಂದು ಜೋಕು ಬರಬೇಕಿತ್ತು. ಬರಲಿಲ್ಲ.

"ಹೇಗೂ ಅಲ್ಲೇ ಇದ್ದೀಯಲ್ಲ, ಊಟ ಮಾಡಿ ಹೋಗು" ಅಂದೆ.

"ನಾನು ಇಲ್ಲಿ ಊಟ ಬಿಟ್ಟು ಒಂದು ತಿಂಗಳಾಯ್ತು."

"ಯಾಕೆ? ನೀನು ಹೇಳ್ಲೇ ಇಲ್ಲ."

"ಧಣಿಯ ಸೊಸೆ ಬಂದಳು ಅಂತ ಎಲ್ಲರೂ ಎದ್ದು ನಿಲ್ತಾರೆ. ಮಿಲ್ಲಿನವರು ಅರ್ಧ ಊಟದಲ್ಲಿ ಜಾಗ ಬಿಡ್ತಾರೆ. ಒಬ್ಬಳೇ ಒಂದು ಟೇಬಲಿನಲ್ಲಿ ದೇವರ ಹಾಗೆ ಕೂತು ಉಣ್ಲಿಕ್ಕೆ ಆಗುವುದಿಲ್ಲ. ಕೋಣೆಯಲ್ಲಿ ಬ್ರೆಡ್ ತಿನ್ತೇನೆ. ನೀನು ದಿನಾ ಊಟ ಆಯ್ತಾ ಅಂತ ಕೇಳ್ತಿದ್ದಿ, ನಾನು ಆಯ್ತು ಅಂತಿದ್ದೆ. ಎಂತದು ಅಂತ ನೀನು ಕೇಳಲಿಲ್ಲ."

ಆಮೇಲೆ ಬಹಳ ಹೊತ್ತು ಮಾತಾಡಿದಳು. ಬಣ್ಣದ ನೀರಿನ ವಾಸನೆ ಕೂದಲಿನಿಂದ ಹೋಗುವುದಿಲ್ಲವಂತೆ. ಕೆಲಸ ಮಾತ್ರ ತುಂಬ ಇಷ್ಟವಾಗಿದೆಯಂತೆ. ಎರಡೂ ನನಗೆ ಹೊಸ ಸುದ್ದಿ. ಫೋನ್ ಇಡುವಾಗ ಅಮ್ಮ, "ಎಂತ ಮಗಾ, ಇಷ್ಟು ಹೊತ್ತು ನೀನು ಒಂದು ಮಾತೂ ಆಡದ್ದು, ಹುಷಾರಿಲ್ವಾ?" ಅಂದಳು.

೧೦ ಜನವರಿ, ಶನಿವಾರ

ಹೇತಲ್‌ಬೆನ್‌ಗೆ ಯಾರು ಹೇಳುವುದು? ಅಪ್ಪಯ್ಯ ಗಲ್ಲಾದ ಚಿಲ್ಲರೆಯನ್ನು ಎರಡು ಸಲ ಜೋಡಿಸಿದರು. ನಾನೇ ಫೋನ್ ಮಾಡಿದೆ.

ಹೇಳಿದೆ: ನಮ್ಮ ಮೆನು ತಪ್ಪು ತೋರಿಸಿತ್ತು. ಮಸಾಲೆ ದೋಸೆಯ ಚಟ್ನಿಯಲ್ಲಿ ಸಿಂಗ್‌ತೇಲ್ ಇದೆ. ಉಳಿದ ತಿಂಡಿಗಳಲ್ಲಿ ಏನೇನಿದೆ ಎಂದು ನಮಗೇ ಪೂರ್ತಿ ಗೊತ್ತಿಲ್ಲ, ಖಬರ್ ನಥೀ.

ಟೇಬಲ್ ಹೋಯಿತು, ಮರ್ಯಾದೆಯೂ ಹೋಯಿತು ಅಂದುಕೊಂಡೆ.

"ಭಾಯಿ," ಅಂದರು ನಿಧಾನಕ್ಕೆ, "ನಾನು ನಿಮ್ಮ ಮೆನುವನ್ನು ನಂಬಿರಲೇ ಇಲ್ಲ. ಟೇಬಲ್ ಅವಳ ಗೆಳತಿಯರಿಗೆ. ಧ್ವನಿಗೆ ಮನೆಯಿಂದ ಥೇಪ್ಲಾ ರೊಟ್ಟಿಯ ಡಬ್ಬಿ ತರುವವಳಿದ್ದೆ. ಅವಳಿಗೆ ಇನ್ನೂ ಹೇಳಿಲ್ಲ."

"ಮತ್ತೆ ಫೋನ್ ಮಾಡಿ ಕೇಳಿದ್ದು?"

"ಎಲ್ಲರನ್ನೂ ಕೇಳ್ತೇನೆ. ಎಲ್ಲರೂ ನಥೀ ಅಂತಾರೆ, ನಿಮ್ಮ ಅಪ್ಪನ ಹಾಗೇ, ಯೋಚನೆ ಮಾಡುವಷ್ಟೂ ಹೊತ್ತು ತಗೊಳ್ಳದೆ. ಒಮ್ಮೆ ಒಬ್ಬರನ್ನು ನಂಬಿ ಆಸ್ಪತ್ರೆಯಲ್ಲಿ ಕೂತಿದ್ದೆ. ಖಬರ್ ನಥೀ ಅಂದವರು ನೀವೇ ಮೊದಲು." ಆಮೇಲೆ ದನಿ ತಗ್ಗಿಸಿ, "ಗೊತ್ತು ಮಾಡಿಕೊಂಡು ಹೇಳ್ತೀರಾ? ಅವಳು ಡಬ್ಬಿ ನೋಡಿದರೆ ಅಳುವುದಿಲ್ಲ. ಅದೇ ನನಗೆ ಕಷ್ಟ."

ಅಪ್ಪಯ್ಯ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡರು.

೧೪ ಜನವರಿ, ಬುಧವಾರ, ಉತ್ತರಾಯಣ

ಊರೆಲ್ಲ ಮಾಳಿಗೆಯ ಮೇಲೆ. ಗಾಳಿಪಟ, ಶೇಂಗಾ ಚಿಕ್ಕಿ, ಕಿವಿ ಕಿತ್ತುಹೋಗುವ ಹಾಡು. ಪಕ್ಕದ ಮನೆಯವರು ಚಿಕ್ಕಿ ಕೊಟ್ಟರು. ವಡೋದರಾದಲ್ಲಿ ಒಬ್ಬಳು ಇವತ್ತು ಮಾಳಿಗೆ ಹತ್ತಿದ್ದಾಳೋ ಇಲ್ಲವೋ ಅನ್ನಿಸಿತು. ಗೊತ್ತಿಲ್ಲ.

ಮೇದಿನಿಯವರು ಹಬ್ಬದ ದಿನವೂ ಬಂದರು. ಮಸಾಲೆ ದೋಸೆಯ ಫೈಲಿಗೆ ಬೇಕಾದ ಟ್ಯಾಗುಗಳನ್ನು ಒಂದೊಂದಾಗಿ ಸೇರಿಸಿ, ಒಳಗೆ ಖಾಲಿ ಬಿಟ್ಟು, ಅಮ್ಮನ ಮುಂದೆ ಕೂತರು. ನೀರಿನಿಂದ ಶುರು. ಅಮ್ಮ ಮೊದಮೊದಲು ನಕ್ಕಳು, ಆಮೇಲೆ ಬೆವತಳು, ಆಮೇಲೆ ಅವಳಿಗೇ ಕುತೂಹಲ ಹುಟ್ಟಿತು. "ಹೌದಲ್ಲ, ಆ ಇಂಗಿನಲ್ಲಿ ಎಂತೆಂತ ಕಲಸ್ತಾರೆ ಅಂತ ನಾನು ಇವತ್ತಿನವರೆಗೆ ನೋಡಿಲ್ಲ ಮಾರಾಯ್ತಿ." ಎದ್ದು ಹೋಗಿ ಡಬ್ಬಿ ತಂದು ಬೆಳಕಿಗೆ ಹಿಡಿದು ಓದಿದಳು. ಇಬ್ಬರೂ ಹಳೆಯ ಗೆಳತಿಯರ ಹಾಗೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಒಬ್ಬಳ ಕೈಯಲ್ಲಿ ಎಲ್ಲ ಇದೆ, ಒಬ್ಬರ ಕಣ್ಣಿಗೆ ಇಲ್ಲದ್ದೆಲ್ಲ ಕಾಣುತ್ತದೆ.

ಸಾಯಂಕಾಲ ಗಿರಾಕಿಯೊಬ್ಬರು ಗಲ್ಲಾದ ಹತ್ತಿರ ಬಂದು, ಸಾಂಬಾರಿನಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಕೇಳಿದರು. ಅಪ್ಪಯ್ಯನ ಬಾಯಿ "ನ" ಎನ್ನುವವರೆಗೆ ಹೋಗಿ ಅಲ್ಲಿಯೇ ನಿಂತಿತು.

"ಒಂದು ನಿಮಿಷ, ಕೇಳಿ ಹೇಳ್ತೇನೆ," ಎಂದು ಕುರ್ಚಿಯಿಂದ ಎದ್ದು ಒಳಗೆ ಹೋದರು. ಒಂದು ಪ್ರಶ್ನೆ ನಾರಾಯಣನನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ನಾನು ಕಂಡ ಹಾಗೆ ಇದೇ ಮೊದಲು. ನಾನು ಮೇದಿನಿಯವರ ಕಡೆ ನೋಡಿದೆ. ಅವರು ನೋಡಲಿಲ್ಲ, ಇಂಗಿನ ಡಬ್ಬಿ ಓದುತ್ತಿದ್ದರು.

೧೮ ಜನವರಿ, ಭಾನುವಾರ
ವಡೋದರಾದಿಂದ ಮಣಿನಗರಕ್ಕೆ, ರೈಲಿನಲ್ಲಿ

ಅಪ್ಪಯ್ಯ, ಅಮ್ಮ, ನಾನು ನಿನ್ನೆಯೇ ವಡೋದರಾಕ್ಕೆ ಬಂದಿದ್ದೆವು. ಹೊಸ ಕಾವಲಿ, ಹೊಸ ಸೌಟು, ಹೊಸ ರುಬ್ಬುವ ಕಲ್ಲು. ಹಳೆಯದು ಯಾವುದರಲ್ಲಿ ಏನು ಅಂಟಿಕೊಂಡಿದೆಯೋ ಗೊತ್ತಿಲ್ಲ ಎಂದು ಅಪ್ಪಯ್ಯನೇ ಹೇಳಿದ್ದು. ಹೋಟೆಲಿಗೆ ಇವತ್ತು ಮಧ್ಯಾಹ್ನದವರೆಗೆ ರಜೆ. ಅಮ್ಮ ಊರಿನ ತೆಂಗಿನೆಣ್ಣೆಯಲ್ಲಿ ಕೆಂಪು ಚಟ್ನಿ ತಾನೇ ರುಬ್ಬಿದಳು. ದಿವ್ಯಾ ಬೆಳಿಗ್ಗೆ ಸೂರತ್‌ನಿಂದ ಬಂದು, ಮಿಲ್ಲಿನಲ್ಲಿ ಬಣ್ಣ ನೋಡುವ ಗತ್ತಿನಲ್ಲೇ ಪ್ರತಿ ಡಬ್ಬಿಯನ್ನೂ ತೆರೆದು, ಮೂಸಿ, ಹೆಸರು ಹೇಳಿ ಮುಚ್ಚಿದಳು. ಮೇದಿನಿಯವರು ಅಹಮದಾಬಾದಿನಿಂದ ಯಜಮಾನರ ಜೊತೆ ಬಂದರು. ಹೌದು, ಯಜಮಾನರಿದ್ದಾರೆ. ಸೌಮ್ಯ ಮನುಷ್ಯ, ಬಂದ ಕೂಡಲೇ ಉಪ್ಪಿನಕಾಯಿ ಬಗ್ಗೆ ಅಮ್ಮನ ಹತ್ತಿರ ಮಾತಿಗೆ ಕೂತರು. ಮನೆಯಲ್ಲಿ ಅಡುಗೆ ಅವರದ್ದೇ ಅಂತೆ.

ಧ್ವನಿ ಸಣ್ಣ ಕಡ್ಡಿಯಂಥ ಹುಡುಗಿ. ಗೆಳತಿಯರೆಲ್ಲ ಕಿಚಿಪಿಚಿ ಅನ್ನುತ್ತಿದ್ದರೆ ಇವಳು ನೆಟ್ಟಗೆ ಕೂತಿದ್ದಳು. ಹೇತಲ್‌ಬೆನ್ ಮಡಿಲಲ್ಲಿ ಚೀಲ. ಒಳಗೆ ತುರ್ತಿಗೆ ಚುಚ್ಚುವ ಇಂಜೆಕ್ಷನ್, ಥೇಪ್ಲಾ ಡಬ್ಬಿ, ಎರಡೂ ಇದ್ದವು. ಅಮ್ಮ ತಾನೇ ತಟ್ಟೆ ತಂದಿಟ್ಟಳು.

ಹುಡುಗಿ ತಟ್ಟೆ ಮುಟ್ಟಲಿಲ್ಲ. ಅಮ್ಮನ ಮುಖ ನೋಡಿ, "ಇದರಲ್ಲಿ ಏನೇನಿದೆ?" ಎಂದು ಗುಜರಾತಿಯಲ್ಲಿ ಕೇಳಿದಳು. ಯಾವುದು ಇಲ್ಲ ಎಂದು ಕೇಳಲಿಲ್ಲ.

ಅಮ್ಮ ಎದುರಿನ ಕುರ್ಚಿಯಲ್ಲಿ ಕೂತು, ತನ್ನ ಹರಕು ಗುಜರಾತಿಯಲ್ಲಿ ಹೇಳಲು ಶುರುಮಾಡಿದಳು. ನೀರು. ಉಪ್ಪು. ಅಕ್ಕಿ. ಉದ್ದು. ಒಂದು ಹಿಡಿ ಮೆಂತೆ, ಅದರ ಹೆಸರು ಬರದೆ ದಿವ್ಯಾಳನ್ನು ಕೇಳಿ ಹೇಳಿದಳು. ಬಟಾಟೆ, ಈರುಳ್ಳಿ, ಅರಿಶಿನ. ಒಣಮೆಣಸು. ತೆಂಗಿನೆಣ್ಣೆ, ಎರಡು ಸೌಟು. ಇಂಗು ಹಾಕಿಲ್ಲ, ಡಬ್ಬಿಯಲ್ಲಿ ಏನು ಕಲಸಿದ್ದಾರೆಂದು ಪೂರ್ತಿ ಬರೆದಿರಲಿಲ್ಲ, ಅದಕ್ಕೆ ಬಿಟ್ಟೆ. ಗೆಳತಿಯರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಮೂಲೆಯ ಟೇಬಲಿನಲ್ಲಿ ಮೇದಿನಿಯವರ ತುಟಿ ಅಮ್ಮನ ಜೊತೆಗೇ ಅಲುಗುತ್ತಿತ್ತು, ಫೈಲು ಓದುವಾಗಿನ ಹಾಗೆ. ಅಮ್ಮ ಮುಗಿಸಿದಳು. ಮೇದಿನಿ ಒಂದು ಕ್ಷಣ ನಿಂತು, ಇಲ್ಲದ್ದನ್ನು ಓದಿಕೊಂಡು, ತಲೆ ಆಡಿಸಿದರು.

ಧ್ವನಿ ತಾಯಿಯ ಕಡೆ ನೋಡಿದಳು. ಹೇತಲ್‌ಬೆನ್ ಮಡಿಲ ಚೀಲದ ಬಾಯಿ ಬಿಗಿಹಿಡಿದೇ, "ತಿನ್ನು" ಅಂದರು.

ಮೊದಲ ತುತ್ತು ಎಲ್ಲರೂ ನೋಡುತ್ತಿದ್ದಾಗ. ಎರಡನೆಯ ತುತ್ತಿಗೆ ಸ್ವಲ್ಪ ಕಾದಳು. ಆ ಹೊತ್ತಿನಲ್ಲಿ ಅಪ್ಪಯ್ಯ ಗಲ್ಲಾದ ಅಂಚು ಹಿಡಿದು ನಿಂತಿದ್ದರು. ಆಮೇಲೆ ಅವಳಿಗೆ ನಾವು ಯಾರೂ ನೆನಪಿರಲಿಲ್ಲ. ದೋಸೆ ಮುಗಿಸಿ ಬೆರಳು ನೆಕ್ಕಿ, "ಉಪ್ಪು ಸ್ವಲ್ಪ ಜಾಸ್ತಿ" ಅಂದಳು. ಅಮ್ಮನ ದೋಸೆಗೆ ಹೀಗೆ ಹೇಳಿದವರು ಇಲ್ಲಿಯವರೆಗೆ ಬದುಕಿ ಹೊರಗೆ ಹೋಗಿರಲಿಲ್ಲ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಜಾಸ್ತಿಯಾ? ಇನ್ನೊಂದು ಹಾಕ್ತೇನೆ, ಕಡಿಮೆ ಮಾಡಿ," ಎಂದು ಎದ್ದಳು.

ಥೇಪ್ಲಾ ಡಬ್ಬಿಯನ್ನು ಹೇತಲ್‌ಬೆನ್ ಹೋಗುವಾಗ ಅಪ್ಪಯ್ಯನ ಕೈಗೆ ಕೊಟ್ಟು ಹೋದರು. ರೈಲಿನಲ್ಲಿ ನಾವು ತಿಂದದ್ದು ಅದನ್ನೇ. ಅಪ್ಪಯ್ಯ ಒಂದು ತುಂಡು ಬಾಯಿಗಿಟ್ಟು, "ಇದರಲ್ಲಿ ಎಂತೆಂತ ಹಾಕಿದ್ದಾರೆ, ಕೇಳಬೇಕಿತ್ತು" ಅಂದರು.

ಮೆನುವಿನಲ್ಲಿ ಇನ್ನೂ ಬಹಳಷ್ಟು ತಿಂಡಿ ಮೂರನೆಯ ಸಾಲಿನಲ್ಲಿವೆ. ಇರಲಿ. ಮಸಾಲೆ ದೋಸೆಯ ಶೇಂಗಾ ಟ್ಯಾಗಿನೊಳಗೆ ಇವತ್ತು "ಇಲ್ಲ" ಎಂದು ನಾನೇ ಬರೆದೆ. ವಡೋದರಾದ ದೋಸೆಗೆ ಮಾತ್ರ; ಇನ್ನು ಮೇಲೆ ಅಲ್ಲಿಯ ಕೆಂಪು ಚಟ್ನಿ ರುಬ್ಬುವುದು ಅಲ್ಲೇ, ತೆಂಗಿನೆಣ್ಣೆಯಲ್ಲಿ. ಮೇದಿನಿಯವರು ನೋಡಿ, "ಈಗ ಛಲೋ ಆತು ತಮ್ಮಾ" ಅಂದರು. ಕಾಲೇಜಿನ ಪದವಿ ಪತ್ರ ತಂದ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ದಿವ್ಯಾ ನಾಳೆಗೆ ರಜೆ ಹಾಕಿ ನಮ್ಮ ಜೊತೆ ಮಣಿನಗರಕ್ಕೆ ಬರುತ್ತಿದ್ದಾಳೆ. ಆಣಂದ್ ಸ್ಟೇಷನ್ ದಾಟಿತು. ಅವಳು ಕಿಟಕಿಗೆ ತಲೆಯಾನಿಸಿ ಹೊರಗೆ ನೋಡುತ್ತಿದ್ದಾಳೆ. ಹತ್ತಿದಾಗಿನಿಂದ ಏನೂ ಹೇಳಿಲ್ಲ.

ಏನು ಯೋಚನೆ ಎಂದು ಕೇಳಿದೆ. ಪೆನ್ನು ಇಡುತ್ತೇನೆ, ಹೇಳುತ್ತಿದ್ದಾಳೆ.